ಮಂದಿ ಕುರಿಗೆ ಮಾರ್ಕು

ಭಾತಂಬ್ರಾದ ಅಂಜನಾಬಾಯಿಗೆ ಗೊತ್ತಿದ್ದದ್ದು ಒಂದೇ ಒಂದು ಇಂಗ್ಲಿಷ್ ಶಬ್ದ. ಅದನ್ನೂ ಅವಳು ಶಾಲೆಯಲ್ಲಿ ಕಲಿತಿರಲಿಲ್ಲ, ಕುರಿಯ ಬೆನ್ನ ಮೇಲೆ ಕಲಿತಿದ್ದಳು. ಬೀದರಿನಿಂದ ಉಣ್ಣೆ ಕೊಳ್ಳಲು ಬರುತ್ತಿದ್ದ ಲಾಲ ಅಹ್ಮದ ಹಿಂಡಿನ ಮುಂದೆ ನಿಂತು, ‘ಇದರಾಗ ನಿಮ್ಮ ಮಾರ್ಕಿನವು ಯಾವುವು ಬಾಯಿ?’ ಎಂದು ಕೇಳುತ್ತಿದ್ದ. ಕೇಳಿ ಕೇಳಿ ಆ ಶಬ್ದ ಅವಳ ಬಾಯಿಗೂ ಹತ್ತಿತು. ಹತ್ತಿದ್ದು ಮುಂದೆ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಅವಳಿಗೇನು ಕನಸು ಬಿದ್ದಿತ್ತೇ?

ಅವಳ ಮನೆಯ ಮಾರ್ಕು ಎಂದರೆ ಎರಡು ಗೀಟು, ನಡುವೆ ಒಂದು ಬೊಟ್ಟು. ಕೆಮ್ಮಣ್ಣು ಕಲಸಿ ಕುರಿಯ ಹಿಂಭಾಗಕ್ಕೆ ಬಳಿಯುವುದು. ಮನೆಗೆ ಬಂದ ಸೊಸೆಯ ಎಡಗೈ ಮಣಿಕಟ್ಟಿನ ಒಳಗೂ ಅದೇ ಎರಡು ಗೀಟು, ಅದೇ ಬೊಟ್ಟು, ಹಚ್ಚೆಯಾಗಿ ಕೂರುತ್ತಿತ್ತು. ಕುರಿ ತಪ್ಪಿಸಿಕೊಂಡರೂ ಸೊಸೆ ತಪ್ಪಿಸಿಕೊಂಡರೂ ಯಾರ ಮನೆಯದೆಂದು ತಿಳಿಯಬೇಕು ಎಂದು ಅವಳ ಅತ್ತೆ ಹೇಳುತ್ತಿದ್ದಳಂತೆ. ಆ ಮುದುಕಿಯ ಬಾಯಿ ಯಾವಾಗಲೂ ಹಾಗೆಯೇ, ಬಿಡಿ. ಆದರೆ ಅವಳೇ ಕಲಿಸಿದ ಇನ್ನೊಂದು ನೇಮವೂ ಇತ್ತು. ಮೇಯಿಸಲು ಬಿಟ್ಟ ಬೇರೆಯವರ ಕುರಿಗೆ ತಮ್ಮ ಮಾರ್ಕು ಹಾಕಕೂಡದು. ನೂರು ಕುರಿಯ ನಡುವೆ ಮಂದಿಯ ಕುರಿ ಒಂದಿದ್ದರೂ ಅದರ ಮೈಗೆ ಕೆಮ್ಮಣ್ಣು ಸೋಕಬಾರದು. ಸೋಕಿದರೆ ಅದು ಕಳ್ಳತನ.

ಗೋಡೆಯ ಆಚೆಗಿನ ಮನೆಯಲ್ಲಿ ಉರ್ದು ಶಾಲೆಯ ಗುಲಾಮ ರಸೂಲ ಮಾಸ್ತರರು ಇದ್ದರು. ಬೀದರಿನವರು. ಹೆಂಡತಿ ತೀರಿಕೊಂಡಿದ್ದಳು; ಇದ್ದವಳು ಒಬ್ಬಳೇ ಮಗಳು, ವಹೀದಾ. ಹುಡುಗರಿಗೆ ಇಂಗ್ಲಿಷನ್ನೂ ಅವರೇ ಹೇಳಿಕೊಡುತ್ತಿದ್ದರು. ಪಾಠ ಮುಗಿದ ಮೇಲೂ ಅವರ ಬಾಯಿ ಸುಮ್ಮನಿರುತ್ತಿರಲಿಲ್ಲ. ಸಂಜೆ ಗೋಡೆಗೆ ಮೊಣಕೈ ಊರಿ, ಹಿಕ್ಕೆ ಗುಡಿಸುತ್ತಿದ್ದ ಅಂಜನಾಬಾಯಿಯನ್ನೇ ಶಿಷ್ಯೆ ಮಾಡಿಕೊಳ್ಳುತ್ತಿದ್ದರು.

‘ಅಕ್ಕಾ, ನಿಮ್ಮ ಕುರಿ ಮ್ಯಾಲ ಇರೋದು ಮಾರ್ಕು. ನಮ್ಮ ಸಾಲಿ ಹುಡುಗ್ರಿಗಿ ಪರೀಕ್ಷಾದಾಗ ಬೀಳೋದೂ ಮಾರ್ಕು. ಕಡ್ಡಿಪೆಟ್ಟಿಗಿ ಮ್ಯಾಲ ಕುದ್ರಿ ಚಿತ್ರ ಇರ್ತದಲ್ರಿ, ಅದೂ ಮಾರ್ಕು.’

‘ಧೋಬಿ ಖಾಜಾ ಮಿಯಾ ಅಂಗಿ ಕೊರಳಿಗಿ ಕೇರುಬೀಜದ ಎಣ್ಣಿಲಿಂದ ಚುಕ್ಕಿ ಇಡ್ತಾನಲ್ರಿ, ಅದು?’

‘ಅದೂ ಮಾರ್ಕೇ.’

‘ನಾ ಹೆಬ್ಬೆಟ್ಟು ಒತ್ತತೇನಿ, ಅದು?’

‘ಅದೂ.’

‘ಪಾಪ ಆ ಶಬ್ದ. ನಮ್ಮ ಮಡೆಪ್ಪನಕಿಂತ ಹೆಚ್ಚಿಗಿ ದುಡಿಸ್ಕೋತೀರಲ್ರಿ. ಅವಂಗರ ನಾ ರೊಟ್ಟಿ ಹಾಕ್ತೇನಿ. ಇದಕ್ಕೇನ್ ಹಾಕ್ತಾರ ನಿಮ್ಮ ಇಂಗ್ಲಿಷಿನವರು?’

ಮಡೆಪ್ಪ ಅವಳ ಮಗ. ಅವನ ಹೆಸರು ಕೇಳಿ ವಹೀದಾ ಒಳಗಿನಿಂದ ನಕ್ಕದ್ದು ಕೇಳಿಸುತ್ತಿತ್ತು. ತಾಯಿಯಿಲ್ಲದ ಆ ಹುಡುಗಿ ಅಂಜನಾಬಾಯಿಯನ್ನು ‘ಆಯಿ’ ಎಂದೇ ಕರೆಯುತ್ತಿದ್ದಳು. ಒಬ್ಬ ಹುಡುಗ ಒಳ್ಳೆಯ ಮಾರ್ಕು ತಂದನೆಂದು ಅವನಪ್ಪ ಖುಷಿಯಿಂದ ಮಾಸ್ತರರಿಗೆ ಹೆಣ್ಣು ಕುರಿಮರಿಯೊಂದನ್ನು ಕೊಟ್ಟಿದ್ದ. ವಹೀದಾ ಅದಕ್ಕೆ ಮೋತಿ ಎಂದು ಹೆಸರಿಟ್ಟು, ಅಂಜನಾಬಾಯಿಯ ಹಿಂಡಿಗೆ ಬಿಟ್ಟಿದ್ದಳು. ಇಡೀ ಹಿಂಡಿನಲ್ಲಿ ಕೆಮ್ಮಣ್ಣಿಲ್ಲದ ಕುರಿ ಅದೊಂದೇ. ದೂರದಿಂದಲೇ ಗುರುತು ಸಿಗುತ್ತಿತ್ತು.

ಇದೆಲ್ಲ ನಿಜಾಮರ ಕಡೆಯ ರಜಾಕಾರರ ಹಾವಳಿ ಹೆಚ್ಚುವ ಮೊದಲಿನ ಮಾತು. ಆಮೇಲೆ ಅವರು ಕುರಿ ಕೇಳಲು ಬಂದರು, ಅಂಜನಾಬಾಯಿಯ ಗಂಡ ಹಣಮಂತಪ್ಪ ಕೊಡುವುದಿಲ್ಲ ಎಂದ. ಅವನನ್ನು ಎಳೆದುಕೊಂಡು ಹೋಗಿ ಹೊಡೆದು ಕೆಡವಿದರು. ಊರಿನಲ್ಲಿ ಯಾರೂ ಮುಂದೆ ಬರಲಿಲ್ಲ, ಬಾಯಿಗೆ ಬೀಗ ಹಾಕಿಕೊಂಡು ಕೂತರು. ಮಾಸ್ತರರೇ ಅವರ ಠಾಣ್ಯಕ್ಕೆ ಹೋಗಿ ಕೈಕಾಲು ಹಿಡಿದು ಅವನನ್ನು ಗಾಡಿಯಲ್ಲಿ ಹಾಕಿಕೊಂಡು ತಂದರು. ಹಣಮಂತಪ್ಪ ಉಳಿಯಲಿಲ್ಲ. ಆದರೆ ತನ್ನ ಮನೆಯಲ್ಲಿ, ತನ್ನ ಹೆಂಡತಿಯ ಕೈಯಿಂದ ನೀರು ಕುಡಿದು ಸತ್ತ. ಅಂಜನಾಬಾಯಿ ಅದನ್ನು ಮರೆಯುವವಳಲ್ಲ.

ಮುಂದಿನ ಭಾದ್ರಪದದಲ್ಲಿ ಬೀದರಿನ ಮೇಲೆ ವಿಮಾನ ಹಾರಿದವು. ನಿಜಾಮರು ಶರಣಾದರೆಂಬ ಸುದ್ದಿ ಬಂತು. ಭಾರತದ ಲಷ್ಕರಿನ ಗಾಡಿಗಳು ಭಾಲ್ಕಿಯ ದಾರಿಯಲ್ಲಿ ಧೂಳೆಬ್ಬಿಸಿ ಹೋದವು, ಜನ ಹೂವು ಎರಚಿದರು. ಅಂಜನಾಬಾಯಿಗೂ ಗಂಡನ ನೆನಪಾಗಿ ಕಣ್ಣು ತುಂಬಿದವು, ಇಷ್ಟು ದಿನದ ಮೇಲೆ ಎದೆ ಹಗುರಾಯಿತು. ಗಾಡಿಗಳು ಮುಂದೆ ಹೋದವು. ಹಿಂದೆ ಉಳಿದವರು ಏನು ಮಾಡುತ್ತಾರೆಂದು ನೋಡಲು ಅಲ್ಲಿ ಯಾರೂ ಇರಲಿಲ್ಲ.

ಮಾಸ್ತರರ ಮುಖ ಬಿಳಿಚಿಕೊಂಡಿತ್ತು. ವಹೀದಾಳನ್ನು ಬೀದರಿನ ಯೂಸುಫನಿಗೆ ಕೊಡುವ ಮಾತಾಗಿತ್ತು. ‘ಬೀದರಕ್ಕ ಹೋಗಿ ಯೂಸುಫನ್ನ ಕರ್ಕೊಂಡು ಬರ್ತೇನಿ ಅಕ್ಕಾ. ಲಗೂನ ನಿಕಾಹ ಮಾಡಿ ಅವನ ಊರಿಗಿ ಕಳಿಸಿಬಿಡ್ತೇನಿ. ಅಲ್ಲಿತನಕ ನನ್ನವು ಎರಡು ಜೀವ ನಿಮ್ಮ ಹತ್ರ ಇರ್ಲಿ. ಹುಡುಗಿ, ಮತ್ತ ಆಕಿ ಕುರಿ.’

‘ಹೋಗಿಬರ್ರಿ ಮಾಸ್ತರ. ಹ್ಯಾಂಗ ಕೊಟ್ಟೀರಿ ಹಂಗ ತಿರುಗಿ ಕೊಡ್ತೇನಿ,’ ಎಂದಳು ಅಂಜನಾಬಾಯಿ. ಕುರಿ ಒಪ್ಪಿಸಿಕೊಳ್ಳುವಾಗ ಅವಳ ಮನೆಯವರು ಹೇಳುವ ಮಾತೇ ಅದು. ಬೇರೆ ಮಾತು ಅವಳಿಗೆ ತಿಳಿದಿರಲಿಲ್ಲ.

ಮಾಸ್ತರರು ತಿರುಗಿ ಬರಲಿಲ್ಲ. ಸುದ್ದಿ ಮಾತ್ರ ಬರುತ್ತಿತ್ತು. ಪಕ್ಕದ ಹಳ್ಳಿಗಳಲ್ಲಿ ಮುಸಲ್ಮಾನರ ಮನೆಗೆ ಬೆಂಕಿ ಇಟ್ಟರು ಎಂದು, ಗಂಡಸರನ್ನು ಸಾಲಾಗಿ ನಿಲ್ಲಿಸಿದರು ಎಂದು, ಹೆಣ್ಣುಮಕ್ಕಳು ತಾವಾಗಿಯೇ ಬಾವಿಗೆ ಬಿದ್ದರು ಎಂದು. ಮಡೆಪ್ಪ ಹಿಂಡು ಹೊಡೆದುಕೊಂಡು ಔರಾದದ ಕಡೆ ಹೋಗಿದ್ದ, ಮೋತಿಯೂ ಅವನ ಜೊತೆಗಿತ್ತು. ಮನೆಯಲ್ಲಿ ಇಬ್ಬರೇ ಹೆಂಗಸರು. ಅಂಜನಾಬಾಯಿ ಹುಡುಗಿಗೆ ತನ್ನ ಸೀರೆ ಉಡಿಸಿದಳು, ಹಣೆಗೆ ಕುಂಕುಮ ಇಟ್ಟಳು, ಬಳೆ ತೊಡಿಸಿದಳು.

ಓಣಿಯ ಕೊನೆಯ ಮನೆಯ ಸಖುಬಾಯಿ ಬಂದು ನೋಡಿ ತಲೆಯಾಡಿಸಿದಳು. ಸುತ್ತಿನ ಹಳ್ಳಿಗಳ ಹೆಂಗಸರಿಗೆಲ್ಲ ಹಚ್ಚೆ ಹಾಕುವವಳು ಅವಳೇ.

‘ಕುಂಕುಮ ಯಾರರೇ ಇಟ್ಕೋತಾರ ಅಂಜನಾ. ಆ ಬೆಂಕಿ ಇಡೋರು ಕೈ ನೋಡ್ಲಿಕತ್ತಾರ. ನಮ್ಮ ಹುಡುಗ್ಯಾರು ಇಷ್ಟು ದೊಡ್ಡಾಕಿ ಆಗೋತನಕ ಹಚ್ಚಿ ಇಲ್ದ ಇರ್ತಾರೇನು? ಬೋಳ ಕೈ ನೋಡಿದ್ರ ಮುಗೀತು.’

‘ಹಂಗಾರ ಹಾಕು.’

‘ಹಾಕ್ತೇನಿ. ಆದ್ರ ಹಸಿ ಹಚ್ಚಿ ಬಾತ್ಕೋತದ. ಯಾಕ ಈಗ ಹಾಕಿಸೀದಿ ಅಂತ ಕೇಳ್ತಾರ. ಹೊಸ ಸೊಸಿ ಕೈಗಿ ಅಷ್ಟ ಹಸಿ ಹಚ್ಚಿ ಇರ್ತದ, ಗೊತ್ತದಲ್ಲ ನಿನಗ.’

ಅಂಜನಾಬಾಯಿಗೆ ಗೊತ್ತಿತ್ತು. ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಎರಡು ಗೀಟು, ಒಂದು ಬೊಟ್ಟು, ಇಷ್ಟು ವರ್ಷದಲ್ಲಿ ಹಸಿರುಗಟ್ಟಿ ಚರ್ಮದೊಳಗೆ ಇಳಿದಿದ್ದವು. ಬಹಳ ಹೊತ್ತು ಯೋಚಿಸಲು ಅದೇನು ಸಂತೆಯಲ್ಲಿ ಕುರಿ ಕೊಳ್ಳುವ ಹೊತ್ತೇ? ‘ನಂದೇ ಹಾಕು,’ ಎಂದಳು.

ಕುರಿಯ ದೊಡ್ಡಿಯ ಮೂಲೆಯಲ್ಲಿ, ಹಗಲು ಹೊತ್ತಿನಲ್ಲಿ, ಸಖುಬಾಯಿ ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ ಸೂಜಿಯ ಕಟ್ಟು ಬಿಚ್ಚಿದಳು. ಹಚ್ಚೆ ಹಾಕುವಾಗ ನೋವು ಮರೆಯಲೆಂದು ಅವಳು ಹಾಡು ಹೇಳುವುದು ವಾಡಿಕೆ. ಅವತ್ತು ಹಾಡಲಿಲ್ಲ. ಹಣೆಯ ಮೇಲೆ ಒಂದು ಬೊಟ್ಟು, ಮಣಿಕಟ್ಟಿನ ಮೇಲೆ ಮನೆಯ ಗುರುತು. ವಹೀದಾ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಮುಗಿದ ಮೇಲೆ ಒಂದೇ ಮಾತು ಕೇಳಿದಳು.

‘ಇದು ಅಳಸ್ತದೇನ್ರಿ ಆಯಿ?’

‘ಅಳಸ್ತದವ್ವ,’ ಎಂದಳು ಅಂಜನಾಬಾಯಿ. ‘ಸುಣ್ಣ ಹಚ್ಚಿ ತಿಕ್ಕಿದ್ರ ಹೋಗ್ತದ.’

ಸಖುಬಾಯಿ ತಲೆ ಎತ್ತಿ ಅವಳ ಮುಖ ನೋಡಿದಳು. ಸೂಜಿ ಒರೆಸಿಕೊಂಡಳು.

ಮರುದಿನ ಅವರು ಬಂದೇಬಿಟ್ಟರು. ಕೈಯಲ್ಲಿ ಕುಡಗೋಲು, ಕೊಡಲಿ. ಹೆಚ್ಚಿನವರು ಬೇರೆ ಊರಿನವರು, ಆದರೆ ದಾರಿ ತೋರಿಸಲು ಇದೇ ಊರಿನ ವೈಜಿನಾಥನೂ ಇದ್ದ. ಮಾಸ್ತರರ ಮನೆಯ ಬಾಗಿಲು ಒಡೆದರು, ಯಾರೂ ಸಿಗಲಿಲ್ಲ, ಗೋಡೆಯ ಈಚೆ ಬಂದರು. ವಹೀದಾ ಒಲೆಯ ಮುಂದೆ ತಲೆ ಬಗ್ಗಿಸಿ ರೊಟ್ಟಿ ಬಡಿಯುತ್ತಿದ್ದಳು. ಅಂಜನಾಬಾಯಿಯೇ ಕೂರಿಸಿದ್ದಳು. ಮಾತಾಡಿದರೆ ಮಾತಿನ ಧಾಟಿಯಲ್ಲಿ ಸಿಕ್ಕಿಬೀಳುತ್ತಾಳೆ, ಕೈಗೆ ಕೆಲಸವಿದ್ದರೆ ಬಾಯಿ ತೆರೆಯಬೇಕಾಗಿಲ್ಲ ಎಂದು.

‘ಮಾಸ್ತರನ ಮಗಳು ಎಲ್ಲಿ?’

‘ನನಗೇನ್ ಗೊತ್ತು. ಅಪ್ಪನ ಹಿಂದ ಹೋಗಿರಬೇಕು.’

‘ನಿನ್ನ ಗಂಡನ್ನ ಹೊಡದವರು ಯಾರು, ಮರ್ತಿ ಏನು? ಅವರ ಪೈಕಿ ಹುಡುಗಿನ ಮುಚ್ಚಿಟ್ಕೊಂಡು ಕೂಡ್ತಿ? ಇಕಿ ಯಾರು?’

‘ನನ್ನ ಸೊಸಿ.’

ಒಬ್ಬ ಮುಂದೆ ಬಂದು ಹುಡುಗಿಯ ಕೈ ಹಿಡಿದು ತಿರುಗಿಸಿದ. ಹಿಟ್ಟು ಮೆತ್ತಿದ ಕೈ. ಅರಿಸಿನ ಬಳಿದು ಬಾತುಕೊಂಡಿದ್ದ ಮಣಿಕಟ್ಟು. ಅಂಜನಾಬಾಯಿ ಗೋಡೆ ಹಿಡಿದು ನಿಂತಳು. ಎಲ್ಲರೂ ವೈಜಿನಾಥನ ಮುಖ ನೋಡಿದರು, ಊರಿನವನು ಅವನೊಬ್ಬನೇ ಅಲ್ಲವೇ. ವೈಜಿನಾಥನಿಗೆ ಹುಡುಗಿ ಯಾರೆಂದು ಚೆನ್ನಾಗಿ ಗೊತ್ತಿತ್ತು. ಅವನ ಮಗನೇ ಮಾಸ್ತರರ ಹತ್ತಿರ ಓದುತ್ತಿದ್ದ. ಅವನು ಹಣೆ ನೋಡಿದ, ಕೈ ನೋಡಿದ, ಅಂಜನಾಬಾಯಿಯನ್ನೂ ನೋಡಿದ.

‘ಹೌದು, ಮಡೆಪ್ಪನ ಹೆಂಡ್ತಿ,’ ಎಂದ. ‘ಮನಿ ಹಚ್ಚಿ ಬಿದ್ದ ಮ್ಯಾಲ ಮತ್ತೇನ್ ಕೇಳೋದದ? ನಡೀರಿ.’

ಅವರು ಹೋದರು. ಜೀವ ಉಳಿಯಿತು. ಇದು ಮಾತ್ರ ಸತ್ಯ, ಇದನ್ನು ಯಾರೂ ಅವಳಿಂದ ಕಿತ್ತುಕೊಳ್ಳಲಾರರು.

ಆದರೆ ವೈಜಿನಾಥನ ಆ ಮಾತು ಊರಲ್ಲಿ ಉಳಿದುಬಿಟ್ಟಿತು. ಗದ್ದಲ ತಣ್ಣಗಾದ ಮೇಲೂ ಅವನು ಅದನ್ನು ಬಿಡಲಿಲ್ಲ. ಹತ್ತು ಮಂದಿಯ ಎದುರಿಗೆ ಸೊಸೆ ಎಂದು ಸಾಕ್ಷಿ ಹೇಳಿದ್ದೇನೆ, ಈಗ ಅಲ್ಲ ಎಂದರೆ ನನ್ನ ಕುತ್ತಿಗೆಗೆ ಬರುತ್ತದೆ ಎಂದು ಅವನ ಹೆದರಿಕೆ. ಹೆಂಗಸರು ನೀರಿಗೆ ಹೋದಾಗ ‘ಮಡೆಪ್ಪನ ಹೆಂಡ್ತಿ ಹ್ಯಾಂಗಿದ್ದಾಳ?’ ಎಂದು ಕೇಳತೊಡಗಿದರು. ಔರಾದದಿಂದ ತಿರುಗಿ ಬಂದ ಮಡೆಪ್ಪ ಪಾಪ ಏನು ಮಾಡಿಯಾನು? ಮನೆಯೊಳಗೆ ಕಾಲಿಡದೆ ದೊಡ್ಡಿಯಲ್ಲೇ ಮಲಗಿದ, ಊಟವನ್ನೂ ಹೊಸ್ತಿಲ ಹೊರಗೇ ಇಸಿದುಕೊಂಡ. ಆದರೂ ಸಾಯಗಾಂವದಿಂದ ಅವನಿಗೆ ಬಂದಿದ್ದ ಸಂಬಂಧ ಹಿಂದಕ್ಕೆ ಹೋಯಿತು. ಸೊಸೆ ಇರುವ ಮನೆಗೆ ಹೆಣ್ಣು ಕೊಡುವುದಿಲ್ಲ ಎಂದರು. ವಹೀದಾ ದಿನಾ ಸುಣ್ಣ ಹಚ್ಚಿ ಕೈ ತಿಕ್ಕುತ್ತಿದ್ದಳು. ಚರ್ಮ ಸುಲಿಯುತ್ತಿತ್ತು, ಗೀಟು ಹಾಗೆಯೇ ಇರುತ್ತಿದ್ದವು. ಅವಳು ತಿಕ್ಕುವುದನ್ನು ನೋಡಲಾರದೆ ಅಂಜನಾಬಾಯಿ ಹೊರಗೆ ಹೋಗಿ ಇಲ್ಲದ ಕೆಲಸ ಮಾಡುತ್ತಿದ್ದಳು.

ಚಳಿ ಮುಗಿಯುವಾಗ ಮಾಸ್ತರರು ಬಂದರು. ಗಡ್ಡ ಬೆಳ್ಳಗಾಗಿತ್ತು. ಬೀದರಿನ ದಾರಿಯಲ್ಲಿ ಅವರನ್ನೂ ರಜಾಕಾರನೆಂದು ಹಿಡಿದು ಕ್ಯಾಂಪಿಗೆ ಒಯ್ದಿದ್ದರು. ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಯಾರೋ ಮಾರ್ಕು ಹಾಕಿದ್ದರಂತೆ, ಅದು ತಪ್ಪೆಂದು ತಿಳಿಯುವುದಕ್ಕೆ ಇಷ್ಟು ತಿಂಗಳು ಬೇಕಾಯಿತು. ಮಗಳ ಹಣೆ ನೋಡಿದರು. ಕೈ ಹಿಡಿದು ಎರಡು ಗೀಟಿನ ಮೇಲೆ ಹೆಬ್ಬೆರಳು ಆಡಿಸಿದರು.

‘ಹ್ಯಾಂಗ ಕೊಟ್ಟಿದ್ರಿ ಹಂಗ ಕೊಡ್ಲಿಕ್ಕಿ ಆಗಲಿಲ್ರಿ ಮಾಸ್ತರ,’ ಎಂದು ಅಂಜನಾಬಾಯಿ ಅತ್ತಳು.

‘ಜೀವಂತ ಕೊಟ್ಟೀರಲ್ಲ ಅಕ್ಕಾ. ಮತ್ತೇನ್ ಕೇಳ್ಲಿ ನಾ,’ ಎಂದರು ಮಾಸ್ತರರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೇ ಅವಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು. ಮೋತಿ ಆಗ ಕಾಲುಬೇನೆಯಿಂದ ಮಲಗಿತ್ತು, ಗಾಡಿ ಹತ್ತಿಸುವ ಹಾಗಿರಲಿಲ್ಲ. ಕುರಿಯನ್ನು ಆಮೇಲೆ ಒಯ್ಯುತ್ತೇನೆಂದು ಹೇಳಿ ತಂದೆ ಮಗಳು ಗಾಡಿ ಹತ್ತಿದರು.

ಮಳೆಗಾಲಕ್ಕೆ ಮುಂಚೆ ಲಾಲ ಅಹ್ಮದ ಉಣ್ಣೆಗೆ ಬಂದ. ಅವನಿಂದಲೇ ಉಳಿದದ್ದು ತಿಳಿಯಿತು. ಯೂಸುಫನ ತಾಯಿ ಬಿಸ್ಮಿಲ್ಲಾಬೀ ಹುಡುಗಿಯನ್ನು ಬೇಡವೆಂದಳು. ಕೆಟ್ಟ ಹೆಂಗಸೇನಲ್ಲ, ಹುಡುಗಿಯನ್ನು ತಬ್ಬಿಕೊಂಡು ಅತ್ತಳಂತೆ. ‘ಹಣಿ ಮ್ಯಾಲಿಂದು ಇರ್ಲಿ, ಅದು ಎಷ್ಟೋ ಹುಡುಗ್ಯಾರಿಗಿ ಆಗ್ಯಾದ. ಆದ್ರ ಕೈಮ್ಯಾಲಿಂದು ಒಂದು ಮನಿ ಸೊಸಿ ಗುರ್ತು. ಇನ್ನೊಬ್ರ ಮನಿ ಸೊಸಿನ ನಾ ಹ್ಯಾಂಗ ತರ್ಲಿ?’ ಎಂದಳಂತೆ. ಬೀದರಿನಿಂದ ಉಣ್ಣೆಗೆ ಬರುವ ಎಲ್ಲರಿಗೂ ಆ ಮಾರ್ಕು ಯಾರ ಮನೆಯದೆಂದು ಗೊತ್ತಿದೆಯಲ್ಲ, ಲಾಲ ಅಹ್ಮದನಿಗೇ ಗೊತ್ತು. ಅವನು ಅದನ್ನು ಹೇಳುವಾಗ ನೆಲ ನೋಡುತ್ತಿದ್ದ.

‘ಆಮ್ಯಾಲ ಹುಡುಗಿ ಕೇರುಬೀಜ ಸುಟ್ಟು ಎಣ್ಣಿ ತಗದು ಹಚ್ಕೊಂಡಾಳ್ರಿ ಬಾಯಿ. ಹಣಿಗಿ, ಕೈಗಿ. ಧೋಬಿ ಬಟ್ಟಿಗಿ ಹಾಕೋದು ಮೈಗಿ ಹಾಕಿದ್ರ ಏನಾಗ್ತದ. ಬೊಬ್ಬಿ ಎದ್ದು ಕೊಳತು, ಜೀವ ಹೋಗಿ ಬಂತು.’

ಅಂಜನಾಬಾಯಿ ಅವತ್ತು ಊಟ ಮಾಡಲಿಲ್ಲ. ಮರುದಿನ ಸಂತೆಗೆ ಹೋಗುವವರ ಗಾಡಿಯಲ್ಲಿ ಮೋತಿಯನ್ನು ಹತ್ತಿಸಿಕೊಂಡು ಬೀದರಿಗೆ ಹೊರಟಳು. ಹುಟ್ಟಿದಾಗಿನಿಂದ ಅವಳು ಭಾಲ್ಕಿ ದಾಟಿದವಳಲ್ಲ. ಕೋಟೆ ಕಂಡರೂ ತಲೆ ಎತ್ತಿ ನೋಡಲಿಲ್ಲ, ಮಡಿಲಲ್ಲಿ ಕಟ್ಟಿಕೊಂಡ ಹುರಕ್ಕಿ ಹೋಳಿಗೆ ಒಡೆಯಬಾರದೆಂದು ಅದನ್ನೇ ಹಿಡಿದುಕೊಂಡಿದ್ದಳು.

ಮಾಸ್ತರರ ಮನೆ ಇಕ್ಕಟ್ಟಿನ ಗಲ್ಲಿಯಲ್ಲಿತ್ತು. ಕುರಿಯನ್ನು ಬಾಗಿಲ ಪಕ್ಕದ ಗೂಟಕ್ಕೆ ಕಟ್ಟಿದಳು. ಅಕ್ಕಪಕ್ಕದ ಬಾಗಿಲುಗಳಲ್ಲಿ ಹೆಂಗಸರು ಕಾಣಿಸಿಕೊಂಡರು. ಅವಳ ಹಣೆಯ ಹಚ್ಚೆ ನೋಡಿದರು, ಕೈ ನೋಡಿದರು, ತಮ್ಮತಮ್ಮಲ್ಲೇ ಏನೋ ಅಂದುಕೊಂಡರು. ಅಂಜನಾಬಾಯಿ ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಇಷ್ಟು ವರ್ಷ ಹೆಮ್ಮೆಯಿಂದ ಬೀಸಿ ನಡೆದ ಕೈ ಅದು.

ಮಾಸ್ತರರು ಹೊರಗೆ ಬಂದು ಚಾಪೆ ಹಾಸಿದರು. ಅವರಿಗೆ ಈಗ ಶಾಲೆಯಿರಲಿಲ್ಲ.

‘ಮಾಸ್ತರ, ಆ ಶಬ್ದಕ್ಕ ಎಷ್ಟೊಂದು ಅರ್ಥ ಹೇಳಿದ್ರಿ ನೀವು,’ ಎಂದಳು ಕೊನೆಗೆ.

‘ಹೂಂ ಅಕ್ಕಾ. ಇನ್ನೂ ಅವ. ಗಾಯ ಮಾದು ಉಳಿಯೋ ಕಲಿಗೂ ಅದೇ ಅಂತಾರ. ಬಂದೂಕ ಹಿಡದಾಂವ ಇಡೋ ಗುರಿಗೂ ಅದೇ ಅಂತಾರ.’

‘ಅಳಸೋದು ಅಂತ ಒಂದು ಅರ್ಥ ಇಲ್ಲೇನ್ರಿ?’

ಮಾಸ್ತರರು ಬಹಳ ಹೊತ್ತು ಯೋಚಿಸಿದರು. ಪಾಠ ಕೇಳುವ ಹುಡುಗನೇ ಕೇಳಿದ್ದಾನೆ ಎಂಬ ಹಾಗೆ, ನಿಜವಾಗಿಯೇ ಯೋಚಿಸಿದರು. ‘ಇಲ್ಲ ಅಕ್ಕಾ,’ ಎಂದರು. ‘ಅದೊಂದು ಇಲ್ಲ.’

ಒಳಗೆ ವಹೀದಾ ಕಿಟಕಿಯ ಕೆಳಗೆ ಕುಳಿತಿದ್ದಳು. ಹಣೆಯ ಬೊಟ್ಟಿನ ಜಾಗದಲ್ಲಿ ಈಗ ಅಂಗೈ ಅಗಲದ ಕಪ್ಪು ಗಾಯದ ಕಲೆ ಇತ್ತು. ಎಡಗೈಗೆ ಬಟ್ಟೆ ಸುತ್ತಿತ್ತು. ಅಂಜನಾಬಾಯಿಯನ್ನು ನೋಡಿ ಎದ್ದು ಬಂದು ಕಾಲು ಹಿಡಿದಳು. ಹೋಳಿಗೆ ತಿಂದಳು, ಮಡೆಪ್ಪನನ್ನು ಕೇಳಿದಳು, ಸಖುಬಾಯಿಯನ್ನು ಕೇಳಿದಳು. ಸುಣ್ಣದ ಮಾತು ತೆಗೆಯಲಿಲ್ಲ. ಅಂಜನಾಬಾಯಿಯೇ ತೆಗೆದಳು.

‘ನಾ ಅವತ್ತು ಸುಳ್ಳ ಹೇಳಿದೆ, ವಹೀದಾ.’

‘ಗೊತ್ತಿತ್ರಿ ಆಯಿ. ಸಖುಬಾಯಿ ನಿಮ್ಮ ಮುಖ ನೋಡಿದ್ಲಲ್ಲ, ಆವಾಗೇ ಗೊತ್ತಾತು.’ ಹುಡುಗಿ ನೆಲಕ್ಕೆ ಬಿದ್ದ ಹೋಳಿಗೆಯ ಚೂರನ್ನು ಬಲಗೈಯಿಂದ ಒಟ್ಟುಮಾಡಿದಳು. ‘ಒಂದು ಮಾತು ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇನ್ನೊಮ್ಮಿ ಬರಬ್ಯಾಡ್ರಿ. ನೀವು ಬಂದ್ರ ನನಗ ಜೀವಕ್ಕ ಹಿತ ಆಗ್ತದ. ಆದ್ರ ಗಲ್ಲಿ ಮಂದಿ ಅತ್ತಿ ಬಂದಾಳ ಅಂತಾರ. ಅವರು ಮರೀಬೇಕಲ್ರಿ.’

ಅಂಜನಾಬಾಯಿ ತಲೆಯಾಡಿಸಿದಳು. ಕಣ್ಣೊರೆಸಿಕೊಂಡು ಎದ್ದಳು.

ಮೋತಿಯ ದನಿ ಕೇಳಿ ವಹೀದಾ ಹೊಸ್ತಿಲ ತನಕ ಬಂದಳು. ಎಷ್ಟೋ ದಿನಗಳಿಂದ ಅವಳು ಬಾಗಿಲಿಗೆ ಬಂದಿರಲಿಲ್ಲವೆಂದು ಮಾಸ್ತರರ ಮುಖವೇ ಹೇಳುತ್ತಿತ್ತು. ಕುರಿ ಅವಳ ಗುರುತು ಹಿಡಿದು ಹಗ್ಗ ಜಗ್ಗಿತು. ಹುಡುಗಿ ಬಗ್ಗಿ ಅದರ ಕೊರಳು ತಬ್ಬಿಕೊಂಡಳು. ಬಲಗೈಯನ್ನು ಬೆನ್ನಿನ ಉದ್ದಕ್ಕೂ ಆಡಿಸುತ್ತ ಹಿಂಭಾಗಕ್ಕೆ ತಂದಳು. ಅಲ್ಲಿ ಉಣ್ಣೆ ಅಚ್ಚ ಬಿಳಿಯಾಗಿತ್ತು.

‘ಇದಕ್ಕ ನಿಮ್ಮ ಮಾರ್ಕು ಹಾಕಿಲ್ಲೇನ್ರಿ ಆಯಿ?’

‘ಇಲ್ಲವ್ವ. ಮಂದಿ ಕುರಿಗಿ ನಾವು ಹಾಕಂಗಿಲ್ಲ.’

ಬಾಯಿಯ ರೂಢಿ ಅದು, ಹೊರಗೆ ಬಂದುಬಿಟ್ಟಿತು. ಹುಡುಗಿಯ ಕೈ ಅಲ್ಲೇ ನಿಂತಿತು. ಬಟ್ಟೆ ಸುತ್ತಿದ ಎಡಗೈಯನ್ನು ಮೆಲ್ಲಗೆ ಓಢಣಿಯೊಳಗೆ ತೆಗೆದುಕೊಂಡಳು.

‘ಹೌದ್ರಿ,’ ಎಂದಳು. ಕುರಿಯ ಹಗ್ಗ ಬಿಚ್ಚಿ ಅದನ್ನು ಒಳಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು.

ಸಂಜೆ ಗಾಡಿ ಭಾಲ್ಕಿಯ ದಾರಿ ಹಿಡಿದಾಗ ಗಾಡಿಯವನು ಹಿಂದೆ ತಿರುಗಿ ನೋಡಿದ. ಕುರಿ ಇರಲಿಲ್ಲ, ಮುದುಕಿ ಒಬ್ಬಳೇ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು.

‘ಮುಟ್ಟಸೋದೆಲ್ಲ ಮುಟ್ಟಸಿದ್ರೇನಬೇ?’ ಎಂದು ಕೇಳಿದ.

‘ಅರ್ಧ ಮುಟ್ಟಸಿದೆನಪಾ,’ ಎಂದಳು ಅಂಜನಾಬಾಯಿ.